ಅಕ್ಕನಿಗಾಗಿ ಹಾಕಿದ ಹಲಗೆ

ಸಾಬೂನು ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆಳು ಚಿಕ್ಕದು, ಬಾಯಿ ದೊಡ್ಡದು. ಆ ಕೆಲಸ ಕೊಡಿಸಿದವಳು ಅಕ್ಕ. ತಾಯಿ ಹೋದ ಮೇಲೆ ಸಾಕಿದವಳೂ ಅವಳೇ. ಗುಬ್ಬಿ ಮೇಜಿನ ಬಳಿ ನಿಂತು ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದಳು. ಯಂತ್ರದ ಬಾಯಿಂದ ನೆಲಕ್ಕೆ ಬೀಳುವ ಆ ಪೆಟ್ಟಿಗೆಗಳನ್ನು ಅಕ್ಕ, ಇನ್ನಿಬ್ಬರು ಹೆಂಗಸರೊಡನೆ, ಬಗ್ಗಿ ಎತ್ತಿ ಮೇಜಿಗಿಡುತ್ತಿದ್ದಳು.

ಹೊಸ ಮ್ಯಾನೇಜರು ಬಂದ ದಿನವೇ ಎಲ್ಲರನ್ನೂ ಸೇರಿಸಿ ಹೇಳಿದ: “ಇನ್ಮೇಲೆ ಇದು ನಿಮ್ಮ ಕಂಪನಿ. ಒಳ್ಳೇ ಐಡಿಯಾ ಬಂದ್ರೆ ಯಾರನ್ನೂ ಕೇಳ್ಬೇಡಿ, ಮಾಡಿಬಿಡಿ.”

ಹಿಂದಿನವನ ಕಾಲದಲ್ಲಿ ಸ್ಟೂಲು ಸರಿಸಲೂ ಅಪ್ಪಣೆ ಬೇಕಿತ್ತು. “ಅತ್ತೆಮನೇಲೂ ಹೀಗೇ ‘ನಿನ್ನ ಮನೆ’ ಅಂತಾರೆ, ಬೀಗದ ಕೈ ಮಾತ್ರ ಕೊಡಲ್ಲ,” ಎಂದು ಅಕ್ಕ ನಕ್ಕಳು. ಗುಬ್ಬಿ ನಂಬಿದಳು.

ಅಕ್ಕನ ಸೊಂಟ ಆಗಲೇ ಕೈಕೊಟ್ಟಿತ್ತು. ಮಲಗಿದರೆ ಮಗ್ಗುಲು ಬದಲಿಸಲೂ ನರಳುತ್ತಿದ್ದಳು. ಗುಬ್ಬಿ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬಾಗಿಲೊಂದನ್ನು ಬಡಗಿಯಿಂದ ನುಣುಪು ಮಾಡಿಸಿ, ಅಂಚಿಗೆ ಪಟ್ಟಿ ಹೊಡೆಸಿ, ಯಂತ್ರದ ಬಾಯಿಂದ ಮೇಜಿನವರೆಗೆ ಇಳಿಜಾರು ಹಲಗೆಯಾಗಿ ನಿಲ್ಲಿಸಿದಳು. ಪೆಟ್ಟಿಗೆಗಳು ತಾವಾಗಿಯೇ ಜಾರಿ ಬಂದವು.

“ನಿನ್ನ ತಲೆಗೆ ಕಿರೀಟ ಇಡ್ಬೇಕು ಕಣೇ,” ಎಂದಳು ಅಕ್ಕ.

ಕಿರೀಟ ಬರದಿದ್ದರೂ ಹೂಗುಚ್ಛ ಬಂತು, ಚಪ್ಪಾಳೆ ಬಂತು, ಶೆಡ್ಡಿನ ಬಾಗಿಲ ಪಕ್ಕದ ಗೋಡೆಯ ಮೇಲೆ ಗುಬ್ಬಿಯ ಫೋಟೋ ಬಂತು. ಮುಂದಿನ ತಿಂಗಳು, ಎತ್ತುವ ಕೆಲಸವೇ ಇಲ್ಲವೆಂದು ಆ ಮೂವರನ್ನೂ ಮನೆಗೆ ಕಳಿಸಿದರು.

ಗುಬ್ಬಿ ಮ್ಯಾನೇಜರನ ಕೋಣೆಗೆ ಓಡಿದಳು. “ಸಾರ್, ಅಕ್ಕಂಗೆ ಸುಲಭ ಆಗ್ಲಿ ಅಂತ ಮಾಡಿದ್ದು. ಅವಳನ್ನ ಟೇಪು ಹಾಕೋಕೆ ನಿಲ್ಲಿಸಿ. ಇದೂ ನನ್ನ ಐಡಿಯಾನೇ.”

“ಅದು ಮೇಲಿನವರ ತೀರ್ಮಾನಮ್ಮ,” ಎಂದ ಅವನು, ಬೇಸರದಿಂದಲೇ. “ನನಗೂ ಅಷ್ಟು ಅಧಿಕಾರ ಇಲ್ಲ.”

ಕೆಲಸ ಕಳೆದುಕೊಂಡ ಇನ್ನೊಬ್ಬಳು ಗೇಟಿನಲ್ಲಿ ಗುಬ್ಬಿಯ ಮುಖಕ್ಕೆ ಉಗಿದಂತೆ ಅಂದಳು: “ಉಂಡ ಮನೆ ಜಂತೆ ಎಣಿಸಿದೆಯಲ್ಲೇ!” ಅಕ್ಕ ಅವಳ ಬಾಯಿ ಮುಚ್ಚಿಸಿದಳು. ಮನೆಗೆ ಬಂದು ಎಂದಿನಂತೆ ಒಲೆ ಹಚ್ಚಿ ಅನ್ನಕ್ಕಿಟ್ಟಳು.

“ಬೈದುಬಿಡಕ್ಕ,” ಎಂದು ಗುಬ್ಬಿ ಅತ್ತಳು.

“ಬೈದ್ರೆ ಕೆಲಸ ವಾಪಸ್ ಬರುತ್ತಾ? ನೀನು ಹೋಗು. ಇಬ್ಬರೂ ಕೂತ್ರೆ ಒಲೆ ಉರಿಯಲ್ಲ.”

ಗುಬ್ಬಿ ಹೋದಳು. ಹೋದವಳೇ ಹಲಗೆಯನ್ನು ಕಿತ್ತೆಸೆದಳು. ಯಾರೂ ಗದರಲಿಲ್ಲ. ವಾರದೊಳಗೆ ಅದೇ ಅಳತೆಯ ಕಬ್ಬಿಣದ ಹಲಗೆ ಬಂತು. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದರು.

ಅಕ್ಕನಿಗೆ ಕಾರ್ಖಾನೆಗೆ ಹೋಗುವ ಬೀದಿಯ ದೊಡ್ಡ ಕಟ್ಟಡವೊಂದರಲ್ಲಿ ಮೆಟ್ಟಿಲು ಒರೆಸುವ ಕೆಲಸ ಸಿಕ್ಕಿತು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿಯೇ ಇರಬೇಕು. ಗುಬ್ಬಿ ಈಗ ಆ ಬೀದಿ ಬಿಟ್ಟು, ಸುತ್ತು ಹಾಕಿಕೊಂಡು ಕಾರ್ಖಾನೆಗೆ ಹೋಗುತ್ತಾಳೆ.