ಬಿಸಿಲಕ್ಕ ಮತ್ತು ಮುದುಕಿಯ ಬಟ್ಟೆಹಗ್ಗ

ಆಕೆಗೆ ಬಿಸಿಲಕ್ಕ ಎಂಬ ಹೆಸರು ಬಿದ್ದು ಇಪ್ಪತ್ತೆರಡು ವರ್ಷವಾಗಿತ್ತು. ಹೆಸರಿಟ್ಟವನು ಫೋಟೋಗ್ರಾಫರ್. ಆಕೆಗಿಂತ ಎರಡು ವರ್ಷ ದೊಡ್ಡವನು, ಆದರೂ ಅಕ್ಕ ಎಂದೇ ಕರೆಯುತ್ತಿದ್ದ. ಮೊದಮೊದಲು ಆಕೆಗೆ ಸಿಟ್ಟು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು, ಕೊನೆಕೊನೆಗೆ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಹೊಸ ಬಟ್ಟೆ ತೊಟ್ಟ ಚೆಲುವೆಯರನ್ನು ಬಯಲಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದೆಂದರೆ ಕ್ಯಾಮೆರಾ ಒತ್ತಿದರೆ ಮುಗಿಯಿತು ಎಂದುಕೊಂಡವರೇ ಬಹಳ. ಅದಕ್ಕೆ ಮೊದಲು ಒಬ್ಬರು ಆ ಜಾಗಕ್ಕೆ ಹೋಗಿ ಬೆಳಗಿನಿಂದ ಸಂಜೆವರೆಗೆ ಕೂರಬೇಕು. ಆ ಒಬ್ಬರು ಈಕೆ. ಒಂದು ಕೊಡೆಯನ್ನು ಮಡಿಚಿ ಕೋಲಿನಂತೆ ನಿಲ್ಲಿಸುವುದು, ಗಂಟೆಗೊಮ್ಮೆ ಅದರ ನೆರಳು ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಗೆರೆಯ ಪುಸ್ತಕದಲ್ಲಿ ಬರೆದುಕೊಳ್ಳುವುದು: ಒಂಬತ್ತಕ್ಕೆ ಮೆಟ್ಟಿಲು, ಹತ್ತಕ್ಕೆ ಬಾಗಿಲು, ಹತ್ತೂವರೆಗೆ ಬಿಸಿಲಿನ ಆಟ ಮುಗಿಯಿತು. ಮರುದಿನ ಫೋಟೋಗ್ರಾಫರ್ ಬಂದು "ಎಲ್ಲಕ್ಕ?" ಎನ್ನುತ್ತಿದ್ದ. ಈಕೆ ಬೆರಳು ತೋರಿಸಿದ ಕಡೆ ಹೋಗಿ ನಿಲ್ಲುತ್ತಿದ್ದ. ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ.

ಈ ವಿದ್ಯೆಯನ್ನು ಆಕೆ ಯಾವ ಶಾಲೆಯಲ್ಲೂ ಕಲಿತವಳಲ್ಲ. ಆಕೆಯ ಅಮ್ಮ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಒಣಗಿಸುವ ಕೆಲಸಕ್ಕಿದ್ದಳು. ಬಿಸಿಲು ಜಾಸ್ತಿಯಾದರೆ ಬಣ್ಣ ಹಾರುತ್ತದೆ, ಕಡಿಮೆಯಾದರೆ ಮುಗ್ಗಲು ವಾಸನೆ. ಹಾಗಾಗಿ ದಿನವಿಡೀ ಒದ್ದೆ ಬಟ್ಟೆಯನ್ನು ಹೊತ್ತುಕೊಂಡು ಬಿಸಿಲಿನ ಹಿಂದೆ ಅಲೆಯುವುದೇ ಅಮ್ಮನ ಕೆಲಸ. ಮಗಳು ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಅಮ್ಮನ ಹಿಂದೆ. ಅಮ್ಮ ಆಗ ಹೇಳುತ್ತಿದ್ದ ಮಾತೊಂದಿತ್ತು: "ಬಿಸಿಲು ಎಲ್ಲಿ ಬೀಳುತ್ತೆ ಅಂತ ಆಕಾಶ ನೋಡ್ತಾ ನಿಂತ್ಕೋಬೇಡ. ಆ ಮನೆ ಹೆಂಗಸು ಹಗ್ಗ ಎಲ್ಲಿ ಕಟ್ಟಿದ್ದಾಳೆ ನೋಡು, ಸಾಕು." ಹೊಸ ಬೀದಿಗೆ ಹೋದರೆ ಬಿಸಿಲಕ್ಕ ಮೊದಲು ನೋಡುತ್ತಿದ್ದದ್ದು ಬಟ್ಟೆಹಗ್ಗಗಳನ್ನೇ.

ಹೀಗಿರುವಾಗ ದೊಡ್ಡ ಬಟ್ಟೆ ಕಂಪನಿಯೊಂದರ ಕೆಲಸ ಬಂತು. ಚಿತ್ರ ತೆಗೆಯಬೇಕಾದದ್ದು ಪರದೇಶದ ಊರಲ್ಲಿ, ಸಮುದ್ರಗಳನ್ನು ದಾಟಿ, ಭೂಗೋಳದ ಕೆಳ ಅರ್ಧದಲ್ಲಿ. ಅಲ್ಲಿಗೆ ಇವರಲ್ಲಿ ಯಾರೂ ಕಾಲಿಟ್ಟವರಲ್ಲ. ಕಂಪನಿಯ ಯಜಮಾನಿ ನೇರ ಮಾತಿನವಳು. ಬಿಸಿಲಕ್ಕ ಎದುರಿಗೆ ಕೂತಿರುವಾಗಲೇ, "ಇವರು ಒಂದು ಸಲವೂ ವಿಮಾನ ಹತ್ತಿಲ್ಲ. ಅಲ್ಲಿಯವರೇ ಯಾರಾದರೂ ಜಾಗ ನೋಡ್ಲಿ," ಎಂದಳು.

ಫೋಟೋಗ್ರಾಫರ್ ಕೈಲಿದ್ದ ಲೋಟ ಕೆಳಗಿಟ್ಟ. "ಅಕ್ಕ ನೋಡಿದ ಜಾಗ ಆದ್ರೆ ನಾನು ಬರ್ತೀನಿ. ಅಕ್ಕ ತಪ್ಪಿದ್ರೆ ಇಬ್ರನ್ನೂ ಬಿಡಿ, ಇನ್ನೊಂದು ಸಲ ನಿಮ್ಮ ಬಾಗಿಲು ತಟ್ಟಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಭೇಷ್ ಎನ್ನದ ಮನುಷ್ಯ ಹೀಗೆ ತನ್ನ ಅನ್ನವನ್ನೇ ಆಕೆಯ ಮಾತಿನ ಮೇಲೆ ಇಟ್ಟುಬಿಟ್ಟ. ಬಿಸಿಲಕ್ಕನಿಗೆ ಕಣ್ಣು ತುಂಬಿ ಬಂತು. ಜೊತೆಗೆ ಸ್ವಲ್ಪ ಜಂಭವೂ ಬಂತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಊರಿನಲ್ಲೇ ಕೂತು ಆ ನಗರದ ನಕ್ಷೆ ಹರಡಿಕೊಂಡು, ಬೀದಿಬೀದಿಯ ಚಿತ್ರ ತರಿಸಿ, ಹತ್ತು ದಿನ ನೋಡಿ ಒಂದು ಜಾಗ ಆರಿಸಿದಳು. ಹಳೆಯ ಉದ್ದನೆಯ ಕಟ್ಟಡ, ಸಾಲಾಗಿ ಹನ್ನೊಂದು ಕಮಾನು, ಗೋಡೆಯ ಮುಖ ನೇರ ದಕ್ಷಿಣಕ್ಕೆ. ಆಗ ಊರಿನಲ್ಲಿ ಬಿಸಿಲು ದಕ್ಷಿಣಕ್ಕೆ ವಾಲಿದ ಕಾಲ. ದಕ್ಷಿಣದ ಗೋಡೆ ಎಂದರೆ ಬೆಳಗಿನಿಂದ ಸಂಜೆವರೆಗೂ ಬೆಳಕು ಸುರಿದಂತೆ ಎಂಬುದು ಆಕೆಗೆ ಅಂಗೈ ಗೆರೆಯಷ್ಟು ಪರಿಚಯ. ಕಂಪನಿಯ ಈ ಸಲದ ಬಟ್ಟೆಗಳ ಜೀವವೇ ಅವುಗಳ ಹೊಳಪು ನೂಲು. ನೆರಳಿನಲ್ಲಿ ಮಂಕಾಗಿ ಜೋತುಬೀಳುತ್ತವೆ, ನೇರ ಬಿಸಿಲು ಬಿದ್ದರೆ ಮಾತ್ರ ಎದ್ದು ಕೂರುತ್ತವೆ. ಆ ನಗರದ ಕಚೇರಿಗೆ ಅರ್ಜಿ ಹೋಯಿತು. ಒಂದೇ ಒಂದು ಬೆಳಿಗ್ಗೆ, ಒಂಬತ್ತರಿಂದ ಹನ್ನೆರಡು, ಕಮಾನಿನ ಬದಿಯ ಕಾಲುದಾರಿ ಮಾತ್ರ, ಎದುರು ಬದಿಯ ಅಂಗಡಿಸಾಲಿನ ಕಡೆ ಕಾಲಿಡಕೂಡದು ಎಂದು ಪರವಾನಗಿ ಬಂತು. ಫೋಟೋ ತೆಗೆದ ಸಂಜೆಯೇ ಎಲ್ಲರೂ ವಾಪಸು ವಿಮಾನ ಹತ್ತಬೇಕು.

ಬಿಸಿಲಕ್ಕ ಮೂರು ದಿನ ಮೊದಲೇ ಹೋದಳು. ಕಮಾನಿನ ಬೀದಿಯಿಂದ ಎರಡು ತಿರುವು ಆಚೆ, ಒಬ್ಬಳೇ ಇದ್ದ ಮುದುಕಿಯೊಬ್ಬಳ ಮನೆಯಲ್ಲಿ ಕೋಣೆ. ಹೋಗಿ ಇಳಿದಾಗ ಆಕಾಶದ ತುಂಬ ಮೋಡ. ಮರುದಿನವೂ ಮೋಡ. ಕೊಡೆ ನಿಲ್ಲಿಸಿದರೆ ನೆರಳೇ ಇಲ್ಲ. ಆಕೆ ಸುಮ್ಮನೆ ಕೂರಲಿಲ್ಲ. ಕಮಾನಿನಿಂದ ಕಮಾನಿಗೆ ಹೆಜ್ಜೆ ಎಣಿಸಿದಳು, ಬಟ್ಟೆ ಬದಲಿಸಲು ಮರೆ ಹುಡುಕಿದಳು, ಹನ್ನೊಂದರಲ್ಲಿ ಯಾವ ಕಮಾನಿನ ಗಾರೆ ಕಿತ್ತಿದೆ ಎಂದು ಬರೆದುಕೊಂಡಳು.

ಮನೆಯೊಡತಿ ಮುದುಕಿಗೆ ಈಕೆಯ ಭಾಷೆ ಬಾರದು, ಈಕೆಗೆ ಅವಳದು ಬಾರದು. ಆದರೂ ಇಬ್ಬರೂ ಇಡೀ ದಿನ ಮಾತಾಡುತ್ತಿದ್ದರು. ಒಂದು ವಿಷಯ ಮಾತ್ರ ಬಿಸಿಲಕ್ಕನಿಗೆ ಸಹಿಸಲಾಗಲಿಲ್ಲ. ಮನೆಯ ದಕ್ಷಿಣಕ್ಕೆ ಚೊಕ್ಕವಾದ ಕಲ್ಲುಹಾಸಿನ ಅಂಗಳ ಖಾಲಿ ಬಿದ್ದಿತ್ತು. ಈ ಮುದುಕಿಯೋ ಉತ್ತರದ ಹಿತ್ತಲಿನಲ್ಲಿ, ಸುಣ್ಣ ಬಳಿದ ಗೋಡೆಯ ಪಕ್ಕ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದಳು. ಎರಡನೆಯ ದಿನ ಬಿಸಿಲಕ್ಕನಿಗೆ ತಡೆಯಲಾಗದೆ, ಮುದುಕಿ ಒಳಗೆ ಹೋದಾಗ ನೆನೆದ ಹೊದಿಕೆ, ಲಂಗ, ಕಾಲುಚೀಲ ಎಲ್ಲವನ್ನೂ ಎತ್ತಿ ತಂದು ದಕ್ಷಿಣದ ಅಂಗಳದ ಕಂಬಿಯ ಮೇಲೆ ಹಾಕಿದಳು. ಮುದುಕಿ ಹೊರಬಂದು ನೋಡಿ ಗಹಗಹಿಸಿ ನಕ್ಕಳು. ಒಂದೊಂದಾಗಿ ಎಲ್ಲವನ್ನೂ ಮತ್ತೆ ಹಿತ್ತಲಿಗೆ ಒಯ್ದಳು. "ಒಳ್ಳೇದು ಹೇಳಿದ್ರೆ ಕೇಳೋ ಜನ ಅಲ್ಲ," ಎಂದುಕೊಂಡಳು ಬಿಸಿಲಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಈ ಸಲ ಮೊಲ ಯಾರ ಕೈಯಲ್ಲಿತ್ತು ಎಂಬುದು ಮಾತ್ರ ಆಕೆಗೆ ಹೊಳೆಯಲಿಲ್ಲ.

ಆ ದಿನ ಅಮ್ಮನಿಗೆ ಫೋನು ಮಾಡಿದಳು. ಅಮ್ಮನಿಗೀಗ ಎಂಬತ್ತು ದಾಟಿದೆ, ಕಿವಿ ಮಂದ, ಅರ್ಧ ಮರೆವು. ಆದರೂ ಮಗಳು ಎಲ್ಲಿಗೆ ಹೋದರೂ ಕೇಳುವ ಪ್ರಶ್ನೆ ಒಂದೇ.

"ಅಲ್ಲಿ ಬಟ್ಟೆ ಒಣಗುತ್ತಾ?"

"ಎಲ್ಲಿ ಒಣಗುತ್ತೆ ಅಮ್ಮ! ಈ ಹೆಂಗಸಿಗೆ ಬುದ್ಧಿನೇ ಇಲ್ಲ, ನೆರಳಿಗೆ ಹಗ್ಗ ಕಟ್ಟಿದ್ದಾಳೆ."

"ಯಾವ ಹೆಂಗಸೂ ನೆರಳಿಗೆ ಹಗ್ಗ ಕಟ್ಟಲ್ಲ ಕಣೇ."

"ಸರಿ ಸರಿ, ಮಾತ್ರೆ ತಗೊಂಡ್ಯಾ?" ಎಂದು ಮಗಳು ಮಾತು ತೇಲಿಸಿಬಿಟ್ಟಳು.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಮೋಡ ಸರಿಯಿತು. ಬಿಸಿಲಕ್ಕ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಹಿತ್ತಲ ಬಾಗಿಲಿನಿಂದ ಬೆಳಕು ಒಳಕ್ಕೆ ನುಗ್ಗಿ ನೆಲದ ಮೇಲೆ ಬಿತ್ತು. ತಲೆಯೆತ್ತಿ ನೋಡಿದರೆ ಹಿತ್ತಲ ಸುಣ್ಣದ ಗೋಡೆ ಕಣ್ಣು ಕುಕ್ಕುತ್ತಿದೆ, ಮುದುಕಿಯ ಹೊದಿಕೆ ಗಾಳಿಗೆ ಉಬ್ಬಿ ಹೊಳೆಯುತ್ತಿದೆ. ದಕ್ಷಿಣದ ಅಂಗಳಕ್ಕೆ ಓಡಿದಳು. ಅಲ್ಲಿ ಮನೆಯದೇ ನೆರಳು, ತಣ್ಣಗೆ, ಕಲ್ಲುಹಾಸಿನ ಮೇಲೆ ಇನ್ನೂ ತೇವ.

ಒದ್ದೆ ಕೈಯಲ್ಲೇ ಕಮಾನಿನ ಬೀದಿಗೆ ಓಡಿದಳು. ಹನ್ನೊಂದು ಕಮಾನುಗಳೂ ಕತ್ತಲ ಬಾಯಿ ತೆರೆದು ನಿಂತಿದ್ದವು. ಎದುರಿನ ಅಂಗಡಿಸಾಲು, ಕಾಲಿಡಕೂಡದ ಆ ಬದಿ, ಬೆಳಕಿನಲ್ಲಿ ಮೀಯುತ್ತಿತ್ತು. ಭೂಮಿಯ ನಡುಗೆರೆ ದಾಟಿ ಬಹಳ ಕೆಳಗೆ ಬಂದರೆ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ಇದು ಶಾಲೆಯ ಮಕ್ಕಳ ಪುಸ್ತಕದಲ್ಲಿರುವ ಸಂಗತಿ. ಹತ್ತು ದಿನ ನಕ್ಷೆ ಅಳೆದವಳಿಗೆ, ಬಿಸಿಲನ್ನೇ ಹೆಸರಾಗಿ ಹೊತ್ತವಳಿಗೆ ಇದು ನೆನಪಾಗಲಿಲ್ಲ. ಫೋಟೋಗ್ರಾಫರನಿಗಾದರೂ ಹೊಳೆಯಬೇಡವೇ? ಅವನು ಬಿಸಿಲು ನೋಡುವುದನ್ನು ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅವನು ನೋಡುತ್ತಿದ್ದದ್ದು ಅಕ್ಕನ ಬೆರಳನ್ನು.

ಕಾಲುದಾರಿಯ ಅಂಚಿನಲ್ಲಿ ಕೂತಳು. ಫೋಟೋಗ್ರಾಫರ್, ಯಜಮಾನಿ, ಚೆಲುವೆಯರು ಎಲ್ಲರ ತಂಡ ಮಧ್ಯಾಹ್ನ ಬಂದಿಳಿಯುವುದಿತ್ತು. ಕೆಟ್ಟ ಯೋಚನೆಗಳು ಒಂದರ ಹಿಂದೊಂದು ಬಂದವು. ನಾಳೆ ಮತ್ತೆ ಮೋಡ ಕವಿದರೆ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲವೇ ಪರವಾನಗಿಯ ಕಚೇರಿಯವರು ಬೇರೆ ಬದಿ ಕೊಟ್ಟರು ಎಂದುಬಿಡಬಹುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನು ಬೇರೆಯವರಿಗೆ ಎಷ್ಟು ಸಲ ಹೇಳಿ ನಕ್ಕಿದ್ದಳೋ, ಈಗ ಅದು ತನಗೇ ಬಂದು ತಾಗಿತು. ಆಕೆಗೆ ಕೆಲಸ ಹೋಗುವ ಭಯಕ್ಕಿಂತ ದೊಡ್ಡದೊಂದು ಭಯವಿತ್ತು. ಅವನು ಬಂದು "ಎಲ್ಲಕ್ಕ?" ಎಂದಾಗ ಬೆರಳು ಎತ್ತುವುದು ಹೇಗೆ?

ತಂಡ ಬಂತು. ಸೂಟ್‌ಕೇಸುಗಳು ಇನ್ನೂ ಬಾಗಿಲಲ್ಲೇ ಇದ್ದವು. ಫೋಟೋಗ್ರಾಫರನನ್ನು ಪಕ್ಕಕ್ಕೆ ಕರೆದು ಆಕೆ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಾನು ತಪ್ಪು ಮಾಡಿದೆ. ಆ ಗೋಡೆಗೆ ಬಿಸಿಲೇ ಬರಲ್ಲ. ನಾಳೆ ಅಷ್ಟೇ ಅಲ್ಲ, ಈ ಕಾಲದಲ್ಲಿ ಯಾವತ್ತೂ ಬರಲ್ಲ. ಇಲ್ಲಿ ಸೂರ್ಯ ಆ ಕಡೆ. ನಿನ್ನ ಮಾತನ್ನ ನಾನು ಕೆಡಿಸಿದೆ."

ಅವನು ಕ್ಯಾಮೆರಾ ಚೀಲವನ್ನು ಭುಜದಿಂದ ಇಳಿಸಿ ಕೆಳಗಿಟ್ಟ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಅವನು ಕೇಳಿದ, "ಹಾಗಾದ್ರೆ ನಾಳೆ ಎಲ್ಲಿ ನಿಲ್ಲಲಿ?"

"ಗೊತ್ತಿಲ್ಲ."

"ಗೊತ್ತು ಮಾಡ್ಕೊ ಅಕ್ಕ. ನನಗಂತೂ ಬೇರೆ ಯಾರನ್ನೂ ಕೇಳಿ ಅಭ್ಯಾಸ ಇಲ್ಲ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಬಿಸಿಲಕ್ಕನ ವಿಷಯದಲ್ಲಿ ಹಿತ್ತಲೇ ಮದ್ದಾಗಬೇಕಿತ್ತು. ಬೀದಿಗಾದರೆ ಪರವಾನಗಿ ಬೇಕು, ಮುದುಕಿಯ ಹಿತ್ತಲಿಗೆ ಮುದುಕಿ ಹೂಂ ಎಂದರೆ ಸಾಕು. ಆದರೆ ಹೊತ್ತು ಆಗಲೇ ನಾಲ್ಕು ದಾಟಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಎಲ್ಲಿರುತ್ತದೆ ಎಂದು ಸಂಜೆಯ ನೆರಳು ಹೇಳುವುದಿಲ್ಲ, ಎರಡು ದಿನ ಆ ಹಿತ್ತಲನ್ನು ಆಡಿಕೊಂಡವಳ ಪುಸ್ತಕದಲ್ಲಿ ಅದರ ಒಂದು ಗೆರೆಯೂ ಇರಲಿಲ್ಲ.

ಬಿಸಿಲಕ್ಕ ಮುದುಕಿಯ ಒಂದು ಒದ್ದೆ ಟವೆಲ್ ತೆಗೆದುಕೊಂಡಳು. ದಕ್ಷಿಣದ ಅಂಗಳದ ಕಡೆ ತೋರಿಸಿ ತನ್ನ ಕೆನ್ನೆಗೆ ತಾನೇ ಎರಡು ಏಟು ಹಾಕಿಕೊಂಡಳು. ಹಿತ್ತಲಿಗೆ ಹೋಗಿ ಟವೆಲನ್ನು ಹಗ್ಗದ ಮೇಲೆ ಹರವಿದಳು. ಮುದುಕಿ ಈ ಸಲ ನಗಲಿಲ್ಲ. ಹತ್ತಿರ ಬಂದು ಆಕೆಯ ಕೆನ್ನೆ ಸವರಿದಳು. ಬಿಸಿಲಕ್ಕ ಫೋಟೋ ತೆಗೆಯುವ ಸನ್ನೆ ಮಾಡಿ ಹಿತ್ತಲು ತೋರಿಸಿದಾಗ ಮುದುಕಿ ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಬಿಸಿಲಕ್ಕ ಗಡಿಯಾರ ತೋರಿಸಿ, ಒಂಬತ್ತರ ಮೇಲೆ ಬೆರಳಿಟ್ಟು, ಹಿತ್ತಲ ನೆಲ ತೋರಿಸಿ, ಸೀಮೆಸುಣ್ಣವನ್ನು ಆ ಸುಕ್ಕುಗೈಯಲ್ಲಿಟ್ಟಳು.

ಮುದುಕಿಗೆ ಗಡಿಯಾರವನ್ನು ಎರಡನೆಯ ಸಲ ನೋಡುವ ಅಗತ್ಯ ಬೀಳಲಿಲ್ಲ. ನೇರ ನಡೆದು ನೀರಿನ ತೊಟ್ಟಿಯ ಪಕ್ಕ ನಿಂತು ಒಂದು ಗೆರೆ ಎಳೆದಳು. ಒಂಬತ್ತು. ನಾಲ್ಕು ಹೆಜ್ಜೆ ಸರಿದು ಇನ್ನೊಂದು. ಹತ್ತು. ಗೋಡೆಯ ಮೂಲೆಯಲ್ಲಿ ಹನ್ನೊಂದು. ನಲವತ್ತು ವರ್ಷವೋ ಐವತ್ತೋ ಆ ನೆಲದ ಮೇಲೆ ಒದ್ದೆ ಬಟ್ಟೆ ಹೊತ್ತು ನಡೆದ ಕಾಲುಗಳು ಅವು. ಬಿಸಿಲಕ್ಕ ಕಲಿಯುವವಳಂತೆ ಒಂದೊಂದನ್ನೂ ಬರೆದುಕೊಂಡಳು.

ಕಂಪನಿಯ ಯಜಮಾನಿಗೆ ಫೋಟೋಗ್ರಾಫರ್ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಅವಳು ಕೂಗಾಡಿದಳು, ನ್ಯಾಯವಾಗಿಯೇ ಕೂಗಾಡಿದಳು. "ಹನ್ನೊಂದು ಕಮಾನು ಅಂತ ಊರಿಗೆಲ್ಲ ಹೇಳಿ ಬಂದಿದ್ದೀನಿ. ಈಗ ಯಾರದೋ ಮನೆ ಹಿತ್ತಲಾ?" ಬಿಸಿಲಕ್ಕ ತಲೆತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಒಂದೂ ಮೋಡವಿರಲಿಲ್ಲ. ಮುದುಕಿಯ ಅಡುಗೆಮನೆಯಲ್ಲಿ ಮೂವರು ಎತ್ತರದ ಚೆಲುವೆಯರು ತಲೆ ಬಗ್ಗಿಸಿಕೊಂಡು ಬಟ್ಟೆ ಬದಲಿಸಿದರು. ಮುದುಕಿ ತಲೆ ಬಾಚಿ, ತನ್ನ ಒಳ್ಳೆಯ ಕೋಟು ತೊಟ್ಟು, ತನ್ನದೂ ಒಂದು ಫೋಟೋ ತೆಗೆಯುತ್ತಾರೇನೋ ಎಂಬಂತೆ ತಯಾರಾಗಿ ನಿಂತಳು. ಯಜಮಾನಿ ಹಗ್ಗದ ಮೇಲಿದ್ದ ಹಳೆಯ ಹೊದಿಕೆಯನ್ನು ತೆಗೆಸಲು ಹೋದಳು.

"ಇರ್ಲಿ ಬಿಡಿ, ಅದು ಬೇಕು," ಎಂದ ಫೋಟೋಗ್ರಾಫರ್.

ಒಂಬತ್ತಕ್ಕೆ ಐದು ನಿಮಿಷವಿತ್ತು. ಅವನು ಕ್ಯಾಮೆರಾ ಕತ್ತಿಗೆ ಹಾಕಿಕೊಂಡು ಎಂದಿನಂತೆ ತಿರುಗಿದ.

"ಎಲ್ಲಕ್ಕ?"

ಬಿಸಿಲಕ್ಕ ಬೆರಳು ಎತ್ತಲಿಲ್ಲ. ಮುದುಕಿಯ ಕಡೆ ನೋಡಿದಳು. ಮುದುಕಿ ಗಂಭೀರವಾಗಿ ನೀರಿನ ತೊಟ್ಟಿಯ ಕಡೆ ಕೈ ತೋರಿಸಿದಳು. ಸರಿಯಾಗಿ ಆ ಗೆರೆಯ ಮೇಲೆ ಬೆಳಕು ಬಂದು ನಿಂತಿತು, ಅಲ್ಲಿ ನಿಂತಿದ್ದ ಚೆಲುವೆಯ ಮೈಮೇಲಿನ ಹೊಳಪು ನೂಲು ಒಮ್ಮೆಲೇ ಹೊತ್ತಿಕೊಂಡಿತು, ಹಿಂದಿನ ಹೊದಿಕೆಯ ನೆರಳು ಸುಣ್ಣದ ಗೋಡೆಯ ಮೇಲೆ ಆಡತೊಡಗಿತು.

ಹನ್ನೆರಡಕ್ಕೆ ಎಲ್ಲ ಮುಗಿದ ಮೇಲೆ ಯಜಮಾನಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದೊಂದೇ ಚಿತ್ರ ನೋಡಿದಳು. ಹೊಗಳಲಿಲ್ಲ. "ಕಮಾನು ಹೋಯ್ತಲ್ಲ ಅಂತ ಹೊಟ್ಟೆ ಉರಿಯುತ್ತೆ," ಎಂದಳು. ಇನ್ನೂ ಎರಡು ಚಿತ್ರ ನೋಡಿದಳು. "ಮುಂದಿನ ಸಲ ಇವರು ಹತ್ತು ದಿನ ಮೊದಲೇ ಹೋಗ್ಲಿ. ಮೂರು ದಿನ ಸಾಲದು." ಬಿಸಿಲಕ್ಕನಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಹಿತ್ತಲ ಮೂಲೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಹೊರಡುವ ಮೊದಲು ಅಮ್ಮನಿಗೆ ಫೋನು ಹಚ್ಚಿದಳು.

"ಅಮ್ಮಾ, ನೀನು ಹೇಳಿದ್ದೇ ಸರಿ."

"ನಾನೇನು ಹೇಳಿದ್ದೆ?" ಅಮ್ಮನಿಗೆ ಮರೆತುಹೋಗಿತ್ತು. ಮಗಳು ಅದನ್ನು ನೆನಪಿಸುವಷ್ಟರಲ್ಲಿ ಅಮ್ಮನೇ ಕೇಳಿದಳು, "ಅಲ್ಲಿ ಬಟ್ಟೆ ಒಣಗುತ್ತಾ?"

ಹಿತ್ತಲಿನಲ್ಲಿ ಮುದುಕಿ ಹೊದಿಕೆಯ ಒಂದು ತುದಿ ಹಿಡಿದು, ಮಡಿಸಲು ಇನ್ನೊಂದು ತುದಿ ಹಿಡಿದುಕೊಳ್ಳುವಂತೆ ಸನ್ನೆ ಮಾಡುತ್ತಿದ್ದಳು. ಬಿಸಿಲಕ್ಕ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ ಆ ತುದಿ ಹಿಡಿದಳು. ಬಟ್ಟೆ ಗರಿಗರಿಯಾಗಿತ್ತು, ಇನ್ನೂ ಬೆಚ್ಚಗಿತ್ತು.

"ಒಣಗಿದೆ ಅಮ್ಮ," ಎಂದಳು. "ಚೆನ್ನಾಗಿ ಒಣಗಿದೆ."