ಮೆಮರಿಗೆ ರಬ್ಬರು

ಆಂಟಾಪ್ ಹಿಲ್‌ನಲ್ಲಿ ಉಡುಪಿ ಕಡೆಯ ಶಾರದಕ್ಕನ ಮನೆಗೆ ಕಂಪ್ಯೂಟರ್ ರಿಪೇರಿಗೆ ಹೋಗಿದ್ದೆ. ಆನ್ ಮಾಡಿದ ಐದೇ ನಿಮಿಷಕ್ಕೆ ಅದು ತಾನಾಗಿ ಬಂದ್ ಆಗುತ್ತಿತ್ತು. "ಮೆಮರಿ ತೊಂದರೆ ಅಕ್ಕ, ಉಜ್ಜಿದರೆ ಸಾಕು" ಎಂದು ಒಳಗಿನ ಪಟ್ಟಿಯನ್ನು ಕಿತ್ತು, ಚೀಲದಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದೆ.

ಅಕ್ಕ ನನ್ನ ಕೈ ಹಿಡಿದುಬಿಟ್ಟರು. "ಅಳಿಸಬೇಡಿ ಮಾರಾಯ್ರೆ! ನಮ್ಮವರು ಹೋಗಿ ವರ್ಷ ಆಯ್ತು. ಅವರ ಸ್ವರ ಅದರಲ್ಲೇ ಉಂಟು."

"ಸ್ವರ ಇರುವುದು ಬೇರೆ ಡಬ್ಬಿಯಲ್ಲಿ ಅಕ್ಕ. ಇಲ್ಲಿ ಹೋಗುವುದು ಬರೀ ಕಿಲುಬು." ಉಜ್ಜಿ ಕೂರಿಸಿದೆ. ಈ ಸಲ ಬಂದ್ ಆಗಲಿಲ್ಲ. ಅಕ್ಕ ತೋರಿಸಿದ ಫೈಲನ್ನು ಒತ್ತಿದೆ.

"ಶಾರದಾ, ಚಾ ಆಯ್ತಾ?"

"ಆಯ್ತು, ಬಂದೆ" ಎನ್ನುತ್ತಾ ಅಕ್ಕ ಎದ್ದು ಒಳಗೆ ಹೋದರು.

ನನಗೆ ಸಕ್ಕರೆ ಕಾಯಿಲೆ ಎಂದು ಬಂದ ಕೂಡಲೇ ಹೇಳಿದ್ದೆ. ಆದರೂ ಅಕ್ಕ ತಂದುಕೊಟ್ಟ ಲೋಟದಲ್ಲಿ ಮೂರು ಚಮಚದ ಸಿಹಿಯಿತ್ತು. ಯಾರ ಚಾ ಎಂದು ಗೊತ್ತಾಯಿತು. ಪೂರ್ತಿ ಕುಡಿದೆ.