ಸ್ಕೀ ತೂಗಿದ ಪ್ರಸಂಗ

ದೋಹಾದ ಅಲ್ ಹಿಲಾಲ್ ಬಡಾವಣೆಯ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಒಂದು ತೂಕದ ಯಂತ್ರವಿತ್ತು. ಆರೋಗ್ಯರಕ್ಷಣೆಗೆಂದೇ ಜನ್ಮವೆತ್ತಿದ ಆ ಬಡಪಾಯಿ ನಮ್ಮ ಕೈಗೆ ಸಿಕ್ಕಿದ ಮೇಲೆ ಊರಿಗೆ ಹೊರಟ ರಟ್ಟಿನ ಪೆಟ್ಟಿಗೆಗಳಿಗೇ ಮುಡಿಪಾಯಿತು. ಗಲ್ಫಿನವರ ಪದ್ಧತಿ ನಿಮಗೂ ಗೊತ್ತಿರಬಹುದು: ಪೆಟ್ಟಿಗೆಯನ್ನು ಅಪ್ಪಿಕೊಂಡು ಯಂತ್ರವೇರುವುದು, ಬಂದ ಸಂಖ್ಯೆಯಿಂದ ಸ್ವಂತ ದೇಹವನ್ನು ಕಳೆಯುವುದು, ಉಳಿದದ್ದು ವಿಮಾನದವರ ಇಪ್ಪತ್ತು ಕಿಲೋ ದಾಟದಿದ್ದರೆ ಹಗ್ಗ ಬಿಗಿಯುವುದು. ಪೆಟ್ಟಿಗೆ ಅಡ್ಡಬಂದು ನನಗೆ ಮುಳ್ಳು ಕಾಣದ ಕಾರಣ ಓದುವ ಕೆಲಸ ಹೆಂಡತಿಯದು. ಈ ವಿದ್ಯೆಯಲ್ಲಿ ದೋಹಾದ ಕರಾವಳಿ ಬಂಧುಗಳ ನಡುವೆ ನನಗೆ ಸಾಕಷ್ಟು ಕೀರ್ತಿಯಿತ್ತು. ಆಪತ್ತು ಬಂದದ್ದೂ ಅದರಿಂದಲೇ.

ತೊಂಬತ್ತರ ದಶಕದ ಮಧ್ಯದಲ್ಲಿ ಒಂದು ದಿನ ನಮ್ಮ ಆಫೀಸಿನ ಸಾಹೇಬರು, ಯುರೋಪಿನ ಬೆಟ್ಟಸೀಮೆಯ ವಯಸ್ಸಾದ ಎಂಜಿನಿಯರು, ತಮ್ಮೂರಿನ ಅಂಗಡಿಯಿಂದ ತರಿಸಿದ್ದ ಎರಡು ಜೊತೆ ಸ್ಕೀ ಹಲಗೆಗಳನ್ನು ತಂದು ನನ್ನ ಮೇಜಿಗೆ ಒರಗಿಸಿದರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಂಗಡಿಗೆ ಹಿಂದಿರುಗಿಸಬೇಕಂತೆ. ಜನರನ್ನು ಮೇಲಕ್ಕೊಯ್ಯುವ ತಂತಿಯ ತೊಟ್ಟಿಲುಗಳಿಲ್ಲದ ನಿರ್ಜನ ಹಿಮಬೆಟ್ಟವನ್ನು ಇವನ್ನು ಕಾಲಿಗೆ ಕಟ್ಟಿಕೊಂಡೇ ಹತ್ತಬೇಕು, ಆಮೇಲೆ ಜಾರಿ ಇಳಿಯಬೇಕು. ಅವರೊಡನೆ ವರ್ಷಗಟ್ಟಲೆ ಮಾತುಬಿಟ್ಟಿದ್ದ ಮಗಳು, ಬಾಲ್ಯದಲ್ಲಿ ಅಪ್ಪ ತೋರಿಸಿದ್ದ ಬೆಟ್ಟಕ್ಕೆ ಜೊತೆಗೆ ಹತ್ತುವುದಾದರೆ ಬಾ ಎಂದು ಕಾಗದ ಬರೆದಿದ್ದಳು. ಸಾಹೇಬರ ಮೊಣಕಾಲೋ ಕೆಟ್ಟುಹೋಗಿತ್ತು. ಹಗುರವಾದ ಜೊತೆ ಹತ್ತಲು ಅನುಕೂಲ, ಇಳಿಯುವಾಗ ಗಡಗಡ ನಡುಗುತ್ತದೆ. ಭಾರವಾದದ್ದು ಇಳಿಯುವಾಗ ಸ್ಥಿರ, ಆದರೆ ಹತ್ತುವಾಗಲೇ ಮೊಣಕಾಲು ಖಲಾಸ್. ತೂಕದ ವಿಷಯದಲ್ಲಿ ನೀನು ಪಂಡಿತನಂತೆ, ನೀನೇ ಹೇಳು ಎಂದುಬಿಟ್ಟರು.

ನನ್ನ ಹಿಮಜ್ಞಾನವೆಲ್ಲ ಫ್ರಿಜ್ಜಿನ ಮೇಲ್ಖಾನೆಯ ಬಂಗುಡೆಯ ಮೇಲೆ ಕೂರುವ ಬಿಳಿಯ ಪದರಕ್ಕೆ ಸೀಮಿತವಾದದ್ದು. ಉಗ್ರಾಣ ನೋಡಿಕೊಳ್ಳುವ ಉಳ್ಳಾಲದ ಹಂಝನನ್ನು ಕೇಳಿದೆ. ಅವನು ಹಲಗೆಯನ್ನು ಬೆರಳಿನಿಂದ ಕುಟ್ಟಿ, ನಮ್ಮೂರಲ್ಲಿ ಕ್ರೈಸ್ತರನ್ನು ಕರೆಯುವ ರೀತಿಯಲ್ಲಿ, "ಎಂತ ಪೊರ್ಬುಗಳೇ, ಹತ್ತಿದವ ಹೇಗಾದ್ರೂ ಇಳೀತಾನೆ ಮಾರಾಯ್ರೆ. ಹಗುರದ್ದು ಕೊಡಿ, ಯಲ್ಲಾ!" ಎಂದ. ಮಾತು ಸರಿಯೆನಿಸಿತು, ಮರುಕ್ಷಣ ಭಯಂಕರವೆನಿಸಿತು. ಸಂಜೆ ಮನೆಗೆ ಒಯ್ದು ಜೊತೆಜೊತೆಯಾಗಿ ಅಪ್ಪಿಕೊಂಡು ಯಂತ್ರವೇರಿದೆ. ಹಲಗೆಯ ತುದಿ ಬಚ್ಚಲಿನ ಬಲ್ಬಿಗೆ ತಗುಲಿತು. ವ್ಯತ್ಯಾಸ ಒಂದೂವರೆ ಕಿಲೋ ಎಂದು ಹೆಂಡತಿ ಘೋಷಿಸಿದಳು. ಒಂದೂವರೆ ಕಿಲೋ! ವಿಮಾನ ನಿಲ್ದಾಣದ ನೆಲದ ಮೇಲೆ ಕೂತು, ಹಗ್ಗ ಬಿಚ್ಚಿ, ಹಾಲುಪುಡಿ ಡಬ್ಬಿಯನ್ನು ಹೊರಗೆಳೆದವನ ಕೈ ಬೇರೆಲ್ಲಿಗೆ ಹೋದೀತು? ಒಬ್ಬ ತಂದೆಯ ಮೊಣಕಾಲಿನ ಭವಿಷ್ಯವನ್ನು ನಾನು ವಿಮಾನದ ಸಾಮಾನಿನ ನಿಯಮದಂತೆ, ಹಗುರವಾದ ಜೊತೆಯೇ ಸರಿಯೆಂದು ತೀರ್ಮಾನಿಸಿಬಿಟ್ಟೆ.

ಅವರು ರಜೆಗೆ ಹೋದ ಮೇಲೆ ನನಗೆ ಊಟ ರುಚಿಸಲಿಲ್ಲ. ಕಣ್ಣು ಮುಚ್ಚಿದರೆ ನಡುಗುವ ಹಲಗೆಗಳೇ. ಮೂರು ವಾರದ ನಂತರ ಅವರ ಕಾಗದ ಬಂತು. ಹತ್ತಿದರಂತೆ, ನಿಧಾನವಾಗಿ, ಮಗಳ ಹಿಂದೆಯೇ. ಮೇಲಿನಿಂದ ಕೆಳಗೆ ನೋಡಿದಾಗ ಮಾತ್ರ ಜಾರುವ ಧೈರ್ಯ ಬರಲಿಲ್ಲ. ಮಗಳು ತನ್ನ ಹಲಗೆಗಳನ್ನೂ ಕಳಚಿದಳು. ಇಬ್ಬರೂ ಅವನ್ನು ಹೆಗಲಿಗೇರಿಸಿ ಇಡೀ ಮಧ್ಯಾಹ್ನ ನಡೆದೇ ಇಳಿದರು. ಜಾರಿದ್ದರೆ ಹತ್ತು ನಿಮಿಷದ ದಾರಿ, ಅಷ್ಟರಲ್ಲಿ ಇಷ್ಟು ವರ್ಷದ ಮಾತು ಮುಗಿಯುತ್ತಿರಲಿಲ್ಲ, ನೀನು ಹೆಗಲಿಗೆ ಹಗುರವಾದದ್ದನ್ನೇ ಆರಿಸಿಕೊಟ್ಟಿದ್ದೀಯ ಎಂದು ಬರೆದಿದ್ದರು. ಓದಿ ನನಗೆ ಅಳು ಬಂತು. ಸರಿಯಾದದ್ದನ್ನು ಆರಿಸಿದೆನೋ, ತಪ್ಪಾದದ್ದನ್ನು ಆರಿಸಿದ್ದರಿಂದಲೇ ಎಲ್ಲ ಸರಿಹೋಯಿತೋ, ಇಂದಿಗೂ ಬಗೆಹರಿದಿಲ್ಲ.

ಆ ಸಂಜೆ ನಾನು ಬರಿಗೈಯಲ್ಲಿ ಯಂತ್ರದ ಮೇಲೆ ನಿಂತೆ. ಇಷ್ಟು ವರ್ಷ ಬರೀ ಕಳೆಯುವ ಸಂಖ್ಯೆಯಾಗಿದ್ದ ಈ ಮನುಷ್ಯ ಎಷ್ಟಿದ್ದಾನೆ ನೋಡೋಣವೆನಿಸಿತ್ತು. ಹೆಂಡತಿ ಅಭ್ಯಾಸಬಲದಿಂದ ಬಗ್ಗಿ ಮುಳ್ಳನ್ನು ಓದಿದಳು. ಆಮೇಲೆ ತಲೆಯೆತ್ತಿ ನನ್ನ ಖಾಲಿ ತೋಳುಗಳನ್ನು ನೋಡಿ, "ಪೆಟ್ಟಿಗೆ ಎಲ್ಲಿ?" ಎಂದು ಗಾಬರಿಯಿಂದ ಕೇಳಿದಳು.